ಯಾರ ಖಾತೆಗೆ ಬರೆಯುತ್ತೇವೆ? ಇಸ್ಲಾಂ, ಕ್ರೈಸ್ತಮತ ಮತ್ತು ಜನಾಭಿಪ್ರಾಯ



ಎರಡು ಧರ್ಮಗಳಲ್ಲಿ ಯಾವುದು ಮೇಲು ಎಂದು ತೀರ್ಪು ಕೊಡುವ ಸಭೆ ಇದಲ್ಲ. ಆ ಕೆಲಸಕ್ಕೆ ಕರೆದಿದ್ದರೆ ನಾನು ಬರುತ್ತಲೂ ಇರಲಿಲ್ಲ. ನನ್ನ ವಿಷಯ ಜನರ ಅಭಿಪ್ರಾಯ. ಇಸ್ಲಾಮಿನ ಬಗ್ಗೆ ಜನರ ಮನಸ್ಸಿನಲ್ಲಿ ಕೂತಿರುವ ಚಿತ್ರ ಹೇಗೆ ಮೂಡಿತು, ಅದನ್ನು ಕ್ರೈಸ್ತಮತದ ಪಕ್ಕಕ್ಕಿಟ್ಟು ತೂಗುವ ರೂಢಿ ಎಲ್ಲಿಂದ ಬಂತು, ತೂಗುವಾಗ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನಷ್ಟೇ ನೋಡೋಣ.

ಅಂಕಿಯಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ಅಲ್ಲಿನ ಜನರ ಕೈಗೆ ಸೊನ್ನೆಯಿಂದ ನೂರರವರೆಗಿನ ಒಂದು ಮಾಪಕ ಕೊಟ್ಟು, ಬೇರೆ ಬೇರೆ ಧಾರ್ಮಿಕ ಗುಂಪುಗಳ ಮೇಲೆ ನಿಮಗೆಷ್ಟು ಒಲವಿದೆ ಎಂದು ಕೇಳಿತು. ಯೆಹೂದಿಗಳಿಗೆ ಸರಾಸರಿ 67 ಸಿಕ್ಕಿತು, ಕ್ಯಾಥೊಲಿಕರಿಗೆ 66, ಹಿಂದೂಗಳಿಗೆ 58, ನಾಸ್ತಿಕರಿಗೆ 50, ಮುಸ್ಲಿಮರಿಗೆ 48. ಡಾಲರ್ ನೋಟಿನ ಮೇಲೂ ದೇವರ ಹೆಸರು ಅಚ್ಚು ಹಾಕಿಸಿಕೊಂಡಿರುವ ದೇಶದಲ್ಲಿ, ದಿನಕ್ಕೆ ಐದು ಸಲ ದೇವರಿಗೆ ತಲೆಬಾಗುವವನಿಗಿಂತ ದೇವರೇ ಇಲ್ಲವೆನ್ನುವವನಿಗೆ ಎರಡು ಅಂಕ ಹೆಚ್ಚು.

ಇದೇನೂ ಆಶ್ಚರ್ಯವಲ್ಲ, 2001ರ ಸೆಪ್ಟೆಂಬರ್ 11ರ ಫಲ ಎಂದು ನೀವು ಹೇಳಬಹುದು. ಆದರೆ ಇದೇ ಸಂಸ್ಥೆಯ ಇನ್ನೊಂದು ಲೆಕ್ಕ ಹಾಗೆ ಹೇಳುವುದಿಲ್ಲ. 2001ರ ಮಾರ್ಚ್‌ನಲ್ಲಿ ಅಮೆರಿಕನ್ ಮುಸ್ಲಿಮರ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರು ಶೇ 45. ಅವಳಿ ಗೋಪುರಗಳು ಉರುಳಿ ಎರಡು ತಿಂಗಳಾದ ಮೇಲೆ, ನವೆಂಬರ್‌ನಲ್ಲಿ, ಆ ಪ್ರಮಾಣ ಶೇ 59ಕ್ಕೆ ಏರಿತ್ತು. ಇಳಿದಿರಬೇಕಾದದ್ದು ಏರಿತ್ತು! ದಾಳಿ ನಡೆದು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 17ರಂದು, ಅಧ್ಯಕ್ಷ ಜಾರ್ಜ್ ಬುಷ್ ವಾಷಿಂಗ್ಟನ್ನಿನ ಇಸ್ಲಾಮಿಕ್ ಸೆಂಟರ್‌ಗೆ ಹೋಗಿ, ಈ ಕೃತ್ಯಕ್ಕೂ ಆ ಧರ್ಮಕ್ಕೂ ಗಂಟು ಹಾಕಬೇಡಿ ಎಂಬರ್ಥದ ಮಾತಾಡಿದ್ದರು. ಅವರ ಪಕ್ಷದ ಸಂಪ್ರದಾಯವಾದಿಗಳೂ ಆ ಮಾತಿಗೆ ಕಿವಿಗೊಟ್ಟರು. ಆಮೇಲೆ ಇರಾಕ್ ಯುದ್ಧದ ತಯಾರಿ ನಡೆಯಿತು, ಟಿ.ವಿ. ಪಾದ್ರಿಗಳ ದನಿ ಏರಿತು. ಇಸ್ಲಾಂ ಬೇರೆ ಧರ್ಮಗಳಿಗಿಂತ ಹೆಚ್ಚಾಗಿ ಹಿಂಸೆಗೆ ಕುಮ್ಮಕ್ಕು ಕೊಡುತ್ತದೆ ಎನ್ನುವವರು 2002ರ ಮಾರ್ಚ್‌ನಲ್ಲಿ ಶೇ 25 ಇದ್ದರು, 2003ರ ಜುಲೈಗೆ ಶೇ 44 ಆದರು. ನಡುವಿನ ಹದಿನಾರು ತಿಂಗಳಲ್ಲಿ ಕುರಾನಿನ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ವೇದಿಕೆಯ ಮೇಲಿನವರ ಮಾತು. ಜನಾಭಿಪ್ರಾಯ ಜನರಿಂದಲೇ ಹುಟ್ಟುತ್ತದೆ ಎಂದು ನಂಬುವವರು ಈ ನಾಲ್ಕು ಅಂಕಿಗಳನ್ನು ಬಾಯಿಪಾಠ ಮಾಡಬೇಕು.

ಇಸ್ಲಾಮನ್ನು ಕ್ರೈಸ್ತಮತದ ಜತೆಗೇ ಏಕೆ ಹೋಲಿಸುತ್ತಾರೆ, ಬೌದ್ಧಧರ್ಮದ ಜತೆಗೆ ಏಕಿಲ್ಲ? ಉತ್ತರಕ್ಕೆ ಎಂಟನೆಯ ಶತಮಾನದ ದಮಾಸ್ಕಸ್‌ಗೆ ಹೋಗಬೇಕು. ಅಲ್ಲಿನ ಸಂತ ಜಾನ್‌ನ ಮನೆತನ ಉಮಯ್ಯದ್ ಖಲೀಫರ ಆಡಳಿತದಲ್ಲಿ ಕೆಲಸಕ್ಕಿದ್ದದ್ದು. ಆತ ಚರ್ಚಿನ ಕಣ್ಣಿಗೆ ಪಾಷಂಡವಾದ ಪಂಥಗಳ ದೊಡ್ಡ ಪಟ್ಟಿಯನ್ನೇ ಬರೆದ, ಕೊನೆಯಲ್ಲಿ ಇಸ್ಲಾಮನ್ನೂ ಸೇರಿಸಿದ. ಅಂದರೆ ಅವನ ಕಣ್ಣಿಗೆ ಅದು ಪರಧರ್ಮವಾಗಿ ಕಾಣಲಿಲ್ಲ, ದಾರಿ ತಪ್ಪಿದ ಸ್ವಧರ್ಮವಾಗಿ ಕಂಡಿತು. ಆರು ಶತಮಾನದ ಮೇಲೆ ಇಟಲಿಯ ಕವಿ ಡಾಂಟೆ ಕೂಡ ಅದನ್ನೇ ಮಾಡಿದ. ತನ್ನ ಕಾವ್ಯದ ನರಕದಲ್ಲಿ ಪ್ರವಾದಿ ಮುಹಮ್ಮದರನ್ನು ಅವನು ಕೂರಿಸಿದ್ದು ಒಡಕು ತಂದವರ ಸಾಲಿನಲ್ಲಿ. ಒಡಕು ತರಲು ಮೊದಲು ಒಂದೇ ಮನೆಯಲ್ಲಿರಬೇಕಷ್ಟೆ. ಅದೇ ಡಾಂಟೆ ಸಲಾದಿನ್‌, ವೈದ್ಯ ಇಬ್ನ್ ಸೀನಾ, ಇಬ್ನ್ ರುಷ್ದ್ ಮೂವರಿಗೂ ನರಕದ ಹೊರ ಅಂಚಿನಲ್ಲಿ, ಗ್ರೀಕ್ ಜ್ಞಾನಿಗಳ ಪಕ್ಕದಲ್ಲಿ, ಗೌರವದ ಜಾಗ ಕೊಟ್ಟ. ಅಷ್ಟು ದ್ವೇಷದ ಕಾಲದಲ್ಲೂ ಯುರೋಪಿಗೆ ಆ ವೈದ್ಯನ ಪುಸ್ತಕ ಬೇಕಾಗಿತ್ತು.

ಅನುವಾದದ ಕತೆ ಇನ್ನೂ ಸ್ವಾರಸ್ಯದ್ದು. ಕ್ಲೂನಿ ಮಠದ ಅಧಿಪತಿ ಪೀಟರ್‌ ಹಣ ಕೊಟ್ಟು ಮಾಡಿಸಿದ ಕುರಾನಿನ ಮೊದಲ ಲ್ಯಾಟಿನ್ ಅನುವಾದ 1143ರಲ್ಲಿ ಮುಗಿಯಿತು. ಅನುವಾದಕ ರಾಬರ್ಟ್ ಎಂಬ ಇಂಗ್ಲಿಷಿನವನು. ನಾಲ್ಕು ಶತಮಾನ ಅದು ಹಸ್ತಪ್ರತಿಯಾಗಿಯೇ ಇತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಪೊರಿನಸ್ ಎಂಬ ಮುದ್ರಕ ಅದನ್ನು ಅಚ್ಚಿಗೆ ಹಾಕಿದಾಗ ನಗರಸಭೆ ಪ್ರತಿಗಳನ್ನು ಜಪ್ತಿ ಮಾಡಿ ಅವನನ್ನು ಜೈಲಿಗೆ ಕಳಿಸಿತು. ಬಿಡಿಸಲು ಕಾಗದ ಬರೆದವನು ಪ್ರಾಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್! ಅವನಿಗೆ ಇಸ್ಲಾಮಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಆ ಪುಸ್ತಕವನ್ನು ಜನ ಓದಿದರೆ ಅದು ಎಷ್ಟು ಕೆಟ್ಟದ್ದೆಂದು ಅವರಿಗೇ ಗೊತ್ತಾಗುತ್ತದೆ ಎಂಬುದು ಅವನ ವಾದ. ಉದ್ದೇಶ ಏನೇ ಇರಲಿ, 1543ರಲ್ಲಿ ಅವನ ಮುನ್ನುಡಿಯೊಂದಿಗೆ ಪುಸ್ತಕ ಹೊರಬಂತು. ಓದದೆ ಬೈಯುವವರಿಗಿಂತ ಓದಿಸಿ ಬೈಯುವವನು ಮೇಲು ಎಂದು ನನ್ನ ಅನಿಸಿಕೆ. ಲೂಥರ್‌ನ ಇತರ ಬರಹಗಳನ್ನು ನೋಡಿದರೆ ಮುಸ್ಲಿಂ ತುರ್ಕರಿಗಿಂತ ಪೋಪರ ಮೇಲೇ ಅವನಿಗೆ ಕೋಪ ಜಾಸ್ತಿ. ಪ್ರಾಟೆಸ್ಟಂಟರು ಕ್ಯಾಥೊಲಿಕರನ್ನು ತುರ್ಕರಿಗೆ ಹೋಲಿಸಿದರು, ಕ್ಯಾಥೊಲಿಕರು ಪ್ರಾಟೆಸ್ಟಂಟರನ್ನು ಹೋಲಿಸಿದರು. ಅಣ್ಣತಮ್ಮಂದಿರ ಜಗಳಕ್ಕೆ ಇಸ್ಲಾಂ ಬೈಗುಳವಾಗಿ ಒದಗಿತು. ಫ್ರೆಂಚ್ ಲೇಖಕ ವೋಲ್ಟೇರ್ 1741ರಲ್ಲಿ ಪ್ರವಾದಿಯ ಮೇಲಿನ ನಾಟಕ ಆಡಿಸಿದಾಗಲೂ ಇದೇ ಆಯಿತು. ಬಾಣ ಮೆಕ್ಕಾದ ಕಡೆಗಿದ್ದರೂ ಗುರಿ ಚರ್ಚೇ ಎಂದು ಪ್ಯಾರಿಸಿನ ಧರ್ಮಾಧಿಕಾರಿಗಳು ಮೂಸಿ ಕಂಡುಹಿಡಿದರು. ವೋಲ್ಟೇರ್ ಆ ನಾಟಕವನ್ನು ಪೋಪರಿಗೇ ಅರ್ಪಿಸಿ ಸೇಡು ತೀರಿಸಿಕೊಂಡ.

1840ರ ಮೇ 8ರಂದು ಲಂಡನ್ನಿನಲ್ಲಿ ಥಾಮಸ್ ಕಾರ್ಲೈಲ್ ವೀರಪುರುಷರ ಮೇಲಿನ ತನ್ನ ಉಪನ್ಯಾಸ ಮಾಲೆಯ ಎರಡನೆಯ ದಿನವನ್ನು ಪ್ರವಾದಿ ಮುಹಮ್ಮದರಿಗೆ ಮೀಸಲಿಟ್ಟ. ಅವರನ್ನು ವಂಚಕ ಎಂದು ಕರೆಯುವ ಹಳೆಯ ಚಾಳಿ ನಮಗೇ ಅವಮಾನ ಎಂದ. ಕುರಾನ್ ಓದುವುದು ಬಹಳ ಪ್ರಯಾಸದ ಕೆಲಸ ಎಂದೂ ಗೊಣಗಿದ. ಗಾಂಧೀಜಿ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಪ್ರವಾದಿಯ ಹಿರಿಮೆಯನ್ನು ಅರಿತದ್ದು ಈ ಉಪನ್ಯಾಸದ ಅಚ್ಚಾದ ಅಧ್ಯಾಯದಿಂದ.

ಈ ಹಳೆಯ ಕತೆಗಳನ್ನೆಲ್ಲ ಮಂಗಳೂರಿನ ಕಡೆಯವರ ಮುಂದೆ ಯಾಕೆ ಹೇಳುತ್ತಿದ್ದೇನೆ? ಲೂಥರ್‌ನ ಮುನ್ನುಡಿಯ ಕುರಾನ್ ಅಚ್ಚಾದ ಬಾಸೆಲ್‌ನಲ್ಲೇ 1815ರಲ್ಲಿ ಒಂದು ಮಿಷನ್ ಹುಟ್ಟಿತು, 1834ರಲ್ಲಿ ನಿಮ್ಮ ಊರಿಗೆ ಬಂತು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು, 1894ರಲ್ಲಿ ಕಿಟೆಲ್ ನಿಘಂಟು ಬಂತು, ಹೆಂಚು, ನೇಯ್ಗೆ, ಶಾಲೆ ಎಲ್ಲ ಬಂದವು. ಕನ್ನಡಿಗ ಕ್ರೈಸ್ತಮತವನ್ನು ಮುಖ್ಯವಾಗಿ ಸಂಸ್ಥೆಯಾಗಿ ಕಂಡ: ಶಾಲೆ, ಆಸ್ಪತ್ರೆ, ಅಚ್ಚುಕೂಟ. ಇಸ್ಲಾಮನ್ನು ಕಂಡದ್ದು ಒಂದೋ ನೆರೆಮನೆಯಾಗಿ, ಇಲ್ಲವೋ ಅರಮನೆಯಾಗಿ; ಸಂತೆಯ ಬ್ಯಾರಿಯಾಗಿ, ಇಲ್ಲವೆ ಬಿಜಾಪುರದ, ಶ್ರೀರಂಗಪಟ್ಟಣದ ಸುಲ್ತಾನನಾಗಿ. ನೆರೆಯವನ ಸಂಗಡ ಜಗಳವಾಗುತ್ತದೆ, ದೊರೆಯ ಮೇಲೆ ದೂರಿರುತ್ತದೆ, ಶಾಲೆಯ ಋಣವಿರುತ್ತದೆ. ನಮ್ಮ ಅಭಿಪ್ರಾಯದ ಅರ್ಧಭಾಗ ಇಲ್ಲಿಯೇ ತೀರ್ಮಾನವಾಗಿದೆ. ಅದೇ ಮಿಷನ್ 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣನಿಗೆ ದೀಕ್ಷಾಸ್ನಾನ ಮಾಡಿಸಿದಾಗ ಊರೇ ಕುದಿದಿತ್ತು. ಅದನ್ನು ಈಗ ನೆನೆಸುವವರು ಕಡಿಮೆ. ನಿಘಂಟು ದಿನವೂ ಕೈಗೆ ಸಿಗುತ್ತದೆ.

ಹೋಲಿಕೆಯ ಮೊದಲ ತಪ್ಪು ಎದುರುಬದುರು ಯಾವುದನ್ನು ಇಡಬೇಕೆಂಬುದರಲ್ಲಿ. ಯೇಸುವಿಗೆ ಮುಹಮ್ಮದರು, ಬೈಬಲ್ಲಿಗೆ ಕುರಾನ್, ಪಾದ್ರಿಗೆ ಮೌಲವಿ ಎಂದು ಜೋಡಿ ಮಾಡಿಬಿಡುತ್ತೇವೆ. ಹತ್ತಿರ ಹೋದರೆ ಈ ಜೋಡಿಗಳು ಕೂಡುವುದಿಲ್ಲ. ಕ್ರೈಸ್ತರಿಗೆ ದೇವರ ವಾಕ್ಯ ಮನುಷ್ಯನಾಗಿ ಬಂತು. ಮುಸ್ಲಿಮರಿಗೆ ದೇವರ ವಾಕ್ಯ ಗ್ರಂಥವಾಗಿ ಬಂತು. ಹಾಗಾಗಿ ಕ್ರೈಸ್ತಮತದಲ್ಲಿ ಕ್ರಿಸ್ತನಿಗಿರುವ ಸ್ಥಾನ ಇಸ್ಲಾಮಿನಲ್ಲಿ ಕುರಾನಿಗಿದೆ ಎಂದು ಕೆನಡಾದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಹೇಳಿದರು. ಯೇಸುವಿನ ನಡೆನುಡಿಗಳನ್ನು ಶಿಷ್ಯಪರಂಪರೆ ಬರೆದಿಟ್ಟ ಸುವಾರ್ತೆಗಳಿಗೆ ಸಮನಾಗಿ ಇಲ್ಲಿ ಹದೀಸ್ ಇದೆ. ಇದು ಬರಿಯ ಪಂಡಿತರ ಚರ್ಚೆಯೆಂದು ತಳ್ಳಿಹಾಕಬೇಡಿ. 2011ರ ಮಾರ್ಚ್‌ನಲ್ಲಿ ಫ್ಲೋರಿಡಾದ ಒಬ್ಬ ಪಾದ್ರಿ ಕುರಾನ್ ಪ್ರತಿಯೊಂದನ್ನು ಸುಡಿಸಿದ. ಏಪ್ರಿಲ್ 1ರಂದು ಆಫ್ಘಾನಿಸ್ತಾನದ ಮಜಾರ್-ಇ-ಷರೀಫ್‌ನಲ್ಲಿ ಗುಂಪೊಂದು ವಿಶ್ವಸಂಸ್ಥೆಯ ಕಚೇರಿಗೆ ನುಗ್ಗಿ ಏಳು ಮಂದಿಯನ್ನು ಕೊಂದಿತು. ಅವರಲ್ಲಿ ನಾಲ್ವರು ನೇಪಾಳದ ಕಾವಲುಗಾರರು. ಒಂದು ಪುಸ್ತಕಕ್ಕಾಗಿ ಇಷ್ಟೆಲ್ಲವೇ ಎಂದು ಪಶ್ಚಿಮದವರು ಬೆರಗಾದರು. ಆ ಕೊಲೆಗಳಿಗೆ ಯಾವ ಸಮರ್ಥನೆಯೂ ಇಲ್ಲ. ಸತ್ತವರಿಗೂ ಫ್ಲೋರಿಡಾಕ್ಕೂ ಏನು ಸಂಬಂಧ? ಆದರೆ ನೋವು ಎಲ್ಲಿ ತಾಗಿತು ಎಂದು ತಿಳಿಯಬೇಕಾದರೆ, ಅದು ಬರೀ ಪುಸ್ತಕ ಎಂಬ ಎಣಿಕೆಯನ್ನು ಬಿಡಬೇಕು.

ಎರಡೂ ಧರ್ಮಗಳ ನಡುವೆ ಇರುವ ನಂಟನ್ನು ಮಾತ್ರ ಜನ ಅಷ್ಟಾಗಿ ಬಲ್ಲವರಲ್ಲ. ಕುರಾನಿನಲ್ಲಿ ಹೆಸರು ಹೇಳಿರುವ ಏಕೈಕ ಹೆಣ್ಣು ಯೇಸುವಿನ ತಾಯಿ ಮರ್ಯಮ್. ಅದರ 19ನೆಯ ಅಧ್ಯಾಯದ ಹೆಸರೂ ಅವಳದೇ. ಯೇಸು ಕನ್ಯೆಯ ಮಗ, ಪ್ರವಾದಿ, ಮಸೀಹ ಎಂದು ಮುಸ್ಲಿಮರೂ ನಂಬುತ್ತಾರೆ. ದೇವರ ಮಗ ಎಂದು ನಂಬುವುದಿಲ್ಲ, ಶಿಲುಬೆಯ ಸಾವನ್ನು ಒಪ್ಪುವುದಿಲ್ಲ. ಭಿನ್ನಾಭಿಪ್ರಾಯ ಚಿಕ್ಕದಲ್ಲ, ಕ್ರೈಸ್ತಮತದ ಬುಡವೇ ಅಲ್ಲಿದೆ. ಮೆಕ್ಕಾದಲ್ಲಿ ಕಿರುಕುಳ ತಾಳದೆ ಓಡಿದ ಮೊದಲ ಮುಸ್ಲಿಮರಿಗೆ ಆಸರೆ ಕೊಟ್ಟವನು ಅಬಿಸೀನಿಯದ ಕ್ರೈಸ್ತ ರಾಜ ಎಂದು ಮುಸ್ಲಿಂ ಪರಂಪರೆಯೇ ಹೇಳುತ್ತದೆ. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿ ಇದೆಯೆಂದು ನಂಬುವ ಚರ್ಚಿನ ಬೀಗದ ಕೈ ಶತಮಾನಗಳಿಂದ ಎರಡು ಮುಸ್ಲಿಂ ಮನೆತನಗಳ ವಶದಲ್ಲಿದೆ. ಒಳಗಿನ ಕ್ರೈಸ್ತ ಪಂಗಡಗಳಿಗೆ ಒಬ್ಬರ ಮೇಲೊಬ್ಬರಿಗೆ ಅಷ್ಟು ನಂಬಿಕೆ!

ಎರಡನೆಯ ತಪ್ಪು ಖಾತೆಯದು. ನನ್ನ ಮಾತಿನ ತಿರುಳೂ ಇದೇ. ಅಂಗಡಿಯ ಲೆಕ್ಕದಲ್ಲಿ ಒಬ್ಬನ ಸಾಲವನ್ನು ಇನ್ನೊಬ್ಬನ ಹೆಸರಿಗೆ ಬರೆದರೆ ಕೂಡಿ ಕಳೆಯುವುದು ಎಷ್ಟೇ ಸರಿಯಿದ್ದರೂ ಮೊತ್ತ ತಪ್ಪೇ ಬರುತ್ತದೆ. ಚರಿತ್ರೆಯಲ್ಲಿ ನಾವು ಮಾಡಿರುವುದು ಅದನ್ನೇ. ಈ ಕರಾವಳಿಯ, ಮಲೆನಾಡಿನ ಮೂರು ನೆನಪುಗಳನ್ನು ತೆಗೆದುಕೊಳ್ಳಿ. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ನಾಲ್ಕು ವರ್ಷ ಬಿಟ್ಟು, ಧಾರ್ಮಿಕ ವಿಚಾರಣಾ ನ್ಯಾಯಾಲಯ ನಡೆಯಿತು. ಅದರ ಭಯಕ್ಕೆ ದಕ್ಷಿಣಕ್ಕೆ ಬಂದವರ ಸಂತತಿ ಈ ಸಭೆಯಲ್ಲೂ ಇರಬಹುದು, ಹಿಂದೂಗಳಲ್ಲಿಯೂ ಕ್ಯಾಥೊಲಿಕರಲ್ಲಿಯೂ. ಅದನ್ನು ಮಾಡಿದವರು ಯಾರು ಎಂದು ಕೇಳಿದರೆ ಪೋರ್ಚುಗೀಸರು ಎನ್ನುತ್ತೇವೆ. ಉಳ್ಳಾಲದ ಅಬ್ಬಕ್ಕ ಯಾರ ಮೇಲೆ ಹೋರಾಡಿದಳು? ಪೋರ್ಚುಗೀಸರ ಮೇಲೆ. ಕ್ರೈಸ್ತರ ಮೇಲೆ ಎಂದು ಯಾವ ಪಠ್ಯಪುಸ್ತಕವೂ ಬರೆಯುವುದಿಲ್ಲ, ಬರೆಯಬಾರದು ಕೂಡ. 1784ರಲ್ಲಿ ಟಿಪ್ಪು ಮಂಗಳೂರಿನ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರು ಎಂಬ ಸಿಟ್ಟು ಅವನಿಗೆ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಉಳಿದವರು 1799ರ ನಂತರ ಮರಳಿ ಬಂದರು. ಈ ಕ್ರೌರ್ಯ ಬರೆದಿರುವುದು ಯಾರ ಹೆಸರಿಗೆ? ಅರ್ಧ ಟಿಪ್ಪುವಿನ ಹೆಸರಿಗೆ, ಅರ್ಧ ಅವನ ಧರ್ಮದ ಹೆಸರಿಗೆ. ಮೂರನೆಯದು 1791ರದು. ಪರಶುರಾಮ ಭಾವೂನ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿತು. ಮಠದ ಜೀರ್ಣೋದ್ಧಾರಕ್ಕೆ ಹಣ ಕಳಿಸಿದವನು ಅದೇ ಟಿಪ್ಪು. ಈ ಲೂಟಿಯನ್ನು ನಾವು ಮರಾಠರ ಖಾತೆಗೆ ಬರೆದೆವು, ಆ ಪಡೆಯ ಜತೆಗಿದ್ದ ಪಿಂಡಾರಿಗಳ ಖಾತೆಗೆ ಬರೆದೆವು. ಮರಾಠರ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ.

ಮೂರು ಘಟನೆ, ಮೂರು ರೀತಿಯ ಬರವಣಿಗೆ. ಇದು ನಮ್ಮ ಅಜ್ಜಂದಿರ ರೂಢಿ ಎಂದು ತಿಳಿಯಬೇಡಿ. ಭಾರತಕ್ಕೆ ಕಾಲಿಡದ, ಇಲ್ಲಿನ ಒಂದು ಭಾಷೆಯನ್ನೂ ಕಲಿಯದ ಜೇಮ್ಸ್ ಮಿಲ್ 1817ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ನಮ್ಮ ಚರಿತ್ರೆಯನ್ನು ಹಿಂದೂ ಯುಗ, ಮುಸ್ಲಿಂ ಯುಗ, ಬ್ರಿಟಿಷ್ ಯುಗ ಎಂದು ಹೋಳು ಮಾಡಿದ. ಮೊದಲೆರಡಕ್ಕೆ ಧರ್ಮ, ಮೂರನೆಯದಕ್ಕೆ ದೇಶ. ತನ್ನವರ ಆಳ್ವಿಕೆಗೆ ಕ್ರೈಸ್ತ ಯುಗ ಎಂದು ಹೆಸರಿಟ್ಟಿದ್ದರೆ, 1943ರ ಬಂಗಾಳದ ಕ್ಷಾಮ, 1919ರ ಜಲಿಯನ್‌ವಾಲಾ ಬಾಗ್ ಎಲ್ಲವೂ ನಮ್ಮ ಮಕ್ಕಳ ಮನಸ್ಸಿನಲ್ಲಿ ಚರ್ಚಿನ ಹೆಸರಿನಲ್ಲಿ ಕೂರುತ್ತಿದ್ದವು. ಅದು ಅನ್ಯಾಯವಾಗುತ್ತಿತ್ತು. ಆ ಅನ್ಯಾಯ ತಪ್ಪಿದ್ದಕ್ಕೆ ಸಂತೋಷ. ಅದೇ ವಿನಾಯಿತಿ ಪಕ್ಕದವನಿಗೆ ಏಕೆ ಸಿಗಲಿಲ್ಲ ಎಂಬುದು ನನ್ನ ಪ್ರಶ್ನೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದವರನ್ನು ಜಗತ್ತು ಸರ್ಬರು ಎಂದು ಕರೆಯಿತು, ಸರಿಯಾಗಿಯೇ ಕರೆಯಿತು.

ಹಾಗಾದರೆ ಎಲ್ಲವೂ ತಪ್ಪು ತಿಳಿವಳಿಕೆಯೇ, ಇಸ್ಲಾಮಿನ ಹೆಸರಿನಲ್ಲಿ ಏನೂ ನಡೆಯುತ್ತಿಲ್ಲವೇ? ನಡೆಯುತ್ತಿದೆ. ಹಾಗೆ ಕೇಳುವವರನ್ನು ದ್ವೇಷಿಗಳೆಂದು ಬಾಯಿ ಮುಚ್ಚಿಸುವುದೂ ಒಂದು ಬಗೆಯ ಅಪ್ರಾಮಾಣಿಕತೆ. ಪಾಕಿಸ್ತಾನ 1986ರಲ್ಲಿ ತನ್ನ ದಂಡಸಂಹಿತೆಗೆ 295-ಸಿ ಸೇರಿಸಿ ಪ್ರವಾದಿ ನಿಂದನೆಗೆ ಮರಣದಂಡನೆ ಇಟ್ಟಿತು. ಆಸಿಯಾ ಬೀಬಿ ಎಂಬ ಕ್ರೈಸ್ತ ಕೂಲಿ ಹೆಣ್ಣುಮಗಳು 2010ರಲ್ಲಿ ಆ ಶಿಕ್ಷೆಗೆ ಒಳಗಾಗಿ, 2018ರಲ್ಲಿ ಬಿಡುಗಡೆಯಾಗುವ ತನಕ ಸೆರೆಯಲ್ಲಿದ್ದಳು. ಅವಳ ಪರ ನಿಂತ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್ 2011ರ ಜನವರಿಯಲ್ಲಿ ತನ್ನ ಅಂಗರಕ್ಷಕನ ಗುಂಡಿಗೇ ಬಲಿಯಾದರು. ಎರಡು ತಿಂಗಳಿಗೆ ಸಚಿವ ಶಹಬಾಜ್ ಭಟ್ಟಿ ಹತರಾದರು. ಭಟ್ಟಿ ಕ್ರೈಸ್ತರು, ತಾಸೀರ್ ಮುಸ್ಲಿಂ. ಕೊಂದವನ ಧರ್ಮ ಹೇಳುವವರು ಸತ್ತವನ ಧರ್ಮವನ್ನೂ ಹೇಳಬೇಕು. 2014ರಲ್ಲಿ ಮೋಸುಲ್‌ನ ಕ್ರೈಸ್ತರ ಮನೆಗಳಿಗೆ ಗುರುತು ಹಾಕಿ ಓಡಿಸಿದ ಐಸಿಸ್ ಕೊಂದವರಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು.

ಇಂಥ ಕಡೆ ಒಂದು ಸಲಹೆ ಸಿದ್ಧವಾಗಿರುತ್ತದೆ: ಕ್ರೈಸ್ತಮತದಲ್ಲಿ ಸುಧಾರಣೆಯಾಯಿತು, ಇಸ್ಲಾಮಿಗೂ ಒಬ್ಬ ಲೂಥರ್ ಬೇಕು. ಈ ಮಾತಾಡುವವರು ಯುರೋಪಿನ ಚರಿತ್ರೆ ಓದಿರುವುದು ಅನುಮಾನ. ಸುಧಾರಣೆಯ ಬೆನ್ನಿಗೇ ಬಂದದ್ದು ನೂರು ವರ್ಷಕ್ಕೂ ಮೀರಿದ ರಕ್ತಪಾತ. ಸುಧಾರಕ ಕ್ಯಾಲ್ವಿನ್‌ನ ಜಿನೀವಾ 1553ರಲ್ಲಿ ಸರ್ವೇಟಸ್ ಎಂಬ ವೈದ್ಯನನ್ನು ಮತದ್ರೋಹಕ್ಕಾಗಿ ಜೀವಂತ ಸುಟ್ಟಿತು. ಎಡಿನ್‌ಬರೋದಲ್ಲಿ 1697ರಲ್ಲಿ ಥಾಮಸ್ ಐಕನ್‌ಹೆಡ್ ಎಂಬ ವಿದ್ಯಾರ್ಥಿಯನ್ನು ದೇವನಿಂದನೆಗಾಗಿ ಗಲ್ಲಿಗೇರಿಸಿದ್ದು ಪ್ರಾಟೆಸ್ಟಂಟ್ ಸ್ಕಾಟ್ಲೆಂಡ್. ಗ್ರಂಥವೊಂದೇ ಪ್ರಮಾಣ, ಸಂತರ ಗೋರಿಪೂಜೆ ಬೇಡ, ಮಧ್ಯವರ್ತಿಗಳು ಬೇಡ ಎಂಬ ಮಾತು ಇಸ್ಲಾಮಿನಲ್ಲೂ ಹದಿನೆಂಟನೆಯ ಶತಮಾನದಲ್ಲಿ ಬಂತು. ಅದನ್ನು ನಾವು ವಹಾಬಿ ಪಂಥ ಎನ್ನುತ್ತೇವೆ. ಕ್ರೈಸ್ತ ದೇಶಗಳಲ್ಲಿ ಬದಲಾವಣೆ ಬಂದದ್ದು ದೇವಶಾಸ್ತ್ರಕ್ಕಿಂತ ಹೆಚ್ಚಾಗಿ ಕಾನೂನಿನಿಂದ, ಚರ್ಚಿನ ಕೈಯಿಂದ ರಾಜದಂಡ ಜಾರಿದ್ದರಿಂದ. ಇಂಗ್ಲೆಂಡ್ ದೇವನಿಂದನೆಯ ಅಪರಾಧವನ್ನು ತೆಗೆದುಹಾಕಿದ್ದು 2008ರಲ್ಲಿ, ಅಷ್ಟು ತಡವಾಗಿ.

ನಮ್ಮ ಕರ್ನಾಟಕದ ಕಾಲೇಜುಗಳಲ್ಲಿ ಹಿಜಾಬಿನ ವಿವಾದ ಎದ್ದಾಗ ಸಹಾನುಭೂತಿಯುಳ್ಳವರೂ ಹೋಲಿಕೆಗೆ ಇಳಿದರು. ಕ್ರೈಸ್ತ ಸಿಸ್ಟರ್ ತಲೆವಸ್ತ್ರ ಹಾಕಿದರೆ ಸೇವೆ, ಮುಸ್ಲಿಂ ಹುಡುಗಿ ಹಾಕಿದರೆ ದಬ್ಬಾಳಿಕೆಯೇ ಎಂದರು. ಪ್ರಶ್ನೆ ಚುರುಕಾಗಿದೆ. ಆದರೆ ಇದೂ ತಪ್ಪು ಜೋಡಿಯೇ. ಸಿಸ್ಟರ್ ವ್ರತ ಹಿಡಿದು ಸಂಸಾರ ಬಿಟ್ಟವರು, ಆ ಹುಡುಗಿ ಪಿಯುಸಿ ಪರೀಕ್ಷೆಗೆ ಕೂತವಳು. ಅವಳ ಹಕ್ಕಿಗೆ ಸಿಸ್ಟರ್ ಅವರ ಸಾಕ್ಷಿ ಬೇಕಿಲ್ಲ, ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೆಯ ವಿಧಿಯಿಂದಲೇ ವಾದ ನಡೆಯಬೇಕು. ನಡೆಯಿತು ಕೂಡ; 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು.

ಕ್ರೈಸ್ತರ ಮೇಲಿನ ಒಲವು ಶಾಶ್ವತ ಎಂದೂ ಭಾವಿಸಬೇಡಿ. 2008ರ ಸೆಪ್ಟೆಂಬರ್‌ನಲ್ಲಿ ಇದೇ ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿಯಾಯಿತು. ಶಾಲೆ, ಆಸ್ಪತ್ರೆಯ ಋಣ ಆ ದಿನ ಯಾರಿಗೂ ನೆನಪಾಗಲಿಲ್ಲ. ಮತಾಂತರ ಎಂಬ ಒಂದೇ ದೂರು ಸಾಕಾಯಿತು. ಬಂಡವಾಳವಾಗಿ ಕೂಡಿಟ್ಟ ಒಳ್ಳೆಯ ಹೆಸರು ಒಂದು ವಾರದಲ್ಲಿ ಕರಗಬಲ್ಲದು.

ವಿದ್ಯಾರ್ಥಿಗಳಿಗೆ ಎರಡು ಕೆಲಸ ಹೇಳಿ ಮುಗಿಸುತ್ತೇನೆ. ಕನ್ನಡದಲ್ಲಿ ಇಸ್ಲಾಮನ್ನು ಒಳಗಿನಿಂದ ಬರೆದವರಿದ್ದಾರೆ. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ತಮ್ಮವರಿಂದಲೇ ಬೈಸಿಕೊಂಡರು. ಬೊಳುವಾರು ಮಹಮದ್ ಕುಂಞಿ ಪ್ರವಾದಿಯ ಬದುಕನ್ನೇ 'ಓದಿರಿ' ಎಂಬ ಕಾದಂಬರಿ ಮಾಡಿದರು. ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂತು. ಮೊದಲು ಇವರನ್ನು ಓದಿ, ವಾಟ್ಸಾಪ್ ಆಮೇಲೆ. ಎರಡನೆಯದು ಸಂಶೋಧನೆ ಮಾಡುವವರಿಗೆ. ನಿಮ್ಮ ಗ್ರಂಥಾಲಯದಲ್ಲಿ ಹಳೆಯ ಕನ್ನಡ ದಿನಪತ್ರಿಕೆಗಳ ಸಂಪುಟಗಳಿವೆ. ಅವನ್ನು ತೆಗೆದು, ಅಪರಾಧದ ಸುದ್ದಿಗಳ ತಲೆಬರಹದಲ್ಲಿ ಆರೋಪಿಯ ಧರ್ಮ ಯಾವಾಗ ಬಂದಿದೆ, ಯಾವಾಗ ಬಂದಿಲ್ಲ ಎಂದು ಎಣಿಸಿ. ಆ ಪಟ್ಟಿಯನ್ನು ಮುಂದಿನ ವರ್ಷ ಈ ದತ್ತಿ ಉಪನ್ಯಾಸದ ವೇದಿಕೆಯಲ್ಲೇ ಓದುವುದಾದರೆ, ಕೇಳಲು ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ.